ಬರುವ ಶುಕ್ರವಾರ, ಟೀ ವಡೆ ಸಮೇತ

"ಈಕೆ ಮೂರು ತಿಂಗಳು ಕ್ಯಾಂಟೀನ್ ನಡೆಸಿದರೆ ನನ್ನ ಹೆಸರು ಬದಲಾಯಿಸಿ" ಎಂದವರು ನಮ್ಮ ವಿಶ್ವವಿದ್ಯಾಲಯದ ಆಡಳಿತ ಕಚೇರಿಯ ಸೂಪರಿಂಟೆಂಡೆಂಟರು. ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಅರ್ಜಿ ಹಿಡಿದುಕೊಂಡು ಅವರ ಮೇಜಿನ ಮುಂದೆ ನಿಂತಿದ್ದೆ. ಅರ್ಜಿ ಬರೆದುಕೊಟ್ಟವರು ಬೇರೆ ಯಾರೋ, ನಾನು ಒತ್ತಿದ್ದು ಹೆಬ್ಬೆಟ್ಟು.

"ಹೆಬ್ಬೆಟ್ಟಿನವಳಿಗೆ ವಿದ್ಯಾಸಂಸ್ಥೆಯ ಕ್ಯಾಂಟೀನ್ ಯಾಕಮ್ಮ? ಮಾಚೇನಹಳ್ಳಿಲಿ ವರ್ಕ್‌ಶಾಪ್ ಮುಂದೆ ಚಿತ್ರಾನ್ನ ಮಾರ್ಕೊಂಡು ಚೆನ್ನಾಗೇ ಇದ್ಯಲ್ಲ" ಎಂದರು.

"ಚೆನ್ನಾಗಿದ್ದಿದ್ರೆ ನಿಮ್ಮ ಮುಂದೆ ಯಾಕೆ ನಿಲ್ತಿದ್ದೆ ಸಾರ್?" ಎಂದೆ.

ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಹಾಗಾಗಿ ಕ್ಯಾಂಟೀನ್ ನನಗೇ ಬಂತು. ಮೂರು ತಿಂಗಳು ಕಳೆಯಿತು, ಮೂರು ವರ್ಷ ಕಳೆಯಿತು. ಗುತ್ತಿಗೆಯ ಕಡತ ವರ್ಷಕ್ಕೊಮ್ಮೆ ಅವರ ಮೇಜಿಗೇ ಹೋಗಬೇಕು, ಅವರ ಸಹಿ ಬಿದ್ದರೆ ಇನ್ನೊಂದು ವರ್ಷ ನನ್ನ ಒಲೆ ಉರಿಯುತ್ತದೆ. ಸಹಿ ಹಾಕಿಸಿಕೊಳ್ಳುವಾಗೆಲ್ಲ ನಾನು, "ಸಾರ್, ಹೊಸ ಹೆಸರು ಏನಿಟ್ಕೊಂಡ್ರಿ?" ಎಂದು ಕೇಳುತ್ತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು. ಹೆಸರನ್ನೋ ಗುತ್ತಿಗೆಯನ್ನೋ, ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಓದಿದವರು ನೂರಾರು ಜನ ಒಂದೇ ಕಾಂಪೌಂಡಿನೊಳಗೆ ಸೇರಿದ್ದಾರೆ ಎಂದಮೇಲೆ ನಗುವಂಥದ್ದು ನಡೆಯದೆ ಇರುತ್ತದೆಯೇ? ಸೋಮವಾರ ಒಂದು, ಬುಧವಾರ ಒಂದು. ನನ್ನ ಕೌಂಟರಿನ ಮುಂದೆ ಹಾದುಹೋದವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಕೆಳಗಿನಿಂದ ಮೇಲಕ್ಕೆ

ನಮ್ಮ ಸೂಪರಿಂಟೆಂಡೆಂಟರಿಗೆ ಇನ್ನೊಂದು ಜವಾಬ್ದಾರಿಯೂ ಇತ್ತು. ಅಧ್ಯಾಪಕರಿಗೂ ನೌಕರರಿಗೂ ಎಂದು ವಾರಕ್ಕೊಂದು ಹಾಳೆ ಹೊರಡಿಸುವುದು. ಮೇಲರ್ಧ ಕ್ಯಾಂಪಸ್ಸಿನ ಸುದ್ದಿ, ಕೆಳಗರ್ಧ 'ಮುಂಬರುವ ಕಾರ್ಯಕ್ರಮಗಳು'. ಎಲ್ಲರೂ ಅದಕ್ಕೆ 'ವಾರ್ತೆ' ಎನ್ನುತ್ತಿದ್ದರು. ಒಂದು ಪ್ರತಿಯನ್ನು ಕ್ಯಾಂಟೀನಿನ ಗೋಡೆಗೂ ಅಂಟಿಸುತ್ತಿದ್ದರು.

ಮೊದಲ ವರ್ಷ ನನಗೆ ಅದೊಂದು ಬಿಳಿ ಕಾಗದ, ಅಷ್ಟೆ. ಒಂದು ದಿನ ವಾಣಿಜ್ಯ ವಿಭಾಗದವರೊಬ್ಬರು ಓಡಿಬಂದು, "ಅರವತ್ತು ಟೀ ಎಲ್ಲಮ್ಮ?" ಎಂದರು.

"ನಂಗ್ಯಾರು ಹೇಳಿದ್ರು?"

"ವಾರ್ತೇಲಿ ಬಂದಿದೆಯಲ್ಲ! ನಿನ್ನ ತಲೆ ಮೇಲೇ ಅಂಟಿಸಿದಾರೆ!"

ಹೌದು, ತಲೆಯ ಮೇಲೇ ಇತ್ತು. ಅವತ್ತು ಅರವತ್ತು ಜನ ಒಣಗಂಟಲಲ್ಲಿ ಭಾಷಣ ಕೇಳಿದರು. ನಾನು ಹಳೆಯ ವಾರ್ತೆಗಳನ್ನೆಲ್ಲ ಕಿತ್ತು ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಗೆ ಒಯ್ದೆ. ಮಗಳ ಒಂದನೇ ಕ್ಲಾಸಿನ ಚಿತ್ರದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು, ಅದರ ಅಕ್ಷರ ಇದರಲ್ಲಿ ಎಲ್ಲಿದೆ ಎಂದು ಹುಡುಕುತ್ತ ಕೂತೆ. ಯಾರ ಹತ್ತಿರವೂ ಹೇಳಿಸಿಕೊಳ್ಳಲಿಲ್ಲ. ಹೇಳಿಸಿಕೊಂಡರೆ ನಾಳೆ ಅವರು, 'ನಾನು ಕಲಿಸಿದ್ದು' ಎನ್ನುತ್ತಾರೆ.

ಎಲ್ಲರೂ ಮೊದಲು ತಮ್ಮ ಹೆಸರು ಓದಲು ಕಲಿಯುತ್ತಾರಂತೆ. ನಾನು ಮೊದಲು ಓದಿದ್ದು 'ಲಘು ಉಪಾಹಾರದ ವ್ಯವಸ್ಥೆ ಇದೆ' ಎಂಬ ಸಾಲು. ಪ್ರತಿ ಕಾರ್ಯಕ್ರಮದ ಕೊನೆಗೂ ಅದೇ ಸಾಲು ಇರುತ್ತಿತ್ತು, ನನ್ನ ಹೊಟ್ಟೆಪಾಡೂ ಆ ಸಾಲಿನಲ್ಲೇ ಇತ್ತು. ಹಾಗಾಗಿ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸವಾಯಿತು. ಮೊದಲು ಉಪಾಹಾರ, ಆಮೇಲೆ ಜಾಗ, ಆಮೇಲೆ ಸಮಯ, ಕೊನೆಗೆ ಭಾಷಣ ಯಾರದು ಎಂಬುದು. ಓದು ಬಾರದವಳ ಓದು ಎಂದು ಬಹಳ ದಿನ ಒಳಗೊಳಗೇ ನಾಚಿಕೊಂಡಿದ್ದೆ.

ಒಂದು ದಿನ ಇತಿಹಾಸದ ಪ್ರೊಫೆಸರು ಗೋಡೆಯ ಮುಂದೆ ನಿಂತಿದ್ದರು. ಎರಡೆರಡು ಡಾಕ್ಟರೇಟಿನವರು. ಅವರ ಬೆರಳನ್ನೇ ಗಮನಿಸಿದೆ. ಬೆರಳು ನೇರವಾಗಿ ಹಾಳೆಯ ಕೊನೆಯ ಸಾಲಿಗೆ ಹೋಯಿತು, ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಹತ್ತಿತು. ಅವತ್ತಿನಿಂದ ನನ್ನ ನಾಚಿಕೆ ಹೋಯಿತು.

ಪ್ರಶಾಂತವಾದ ಕಾರ್ಯಾಗಾರ

ವಾರ್ತೆಗೆ ಏಳು ಸಹಿ ಬೇಕು. ಗುಮಾಸ್ತರಿಂದ ಹೊರಟು ಕುಲಸಚಿವರವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಒಬ್ಬರು ರಜೆ, ಒಬ್ಬರು ಮೀಟಿಂಗು, ಒಬ್ಬರಿಗೆ ಪೆನ್ನು ಸಿಗುವುದಿಲ್ಲ. ತಾರೀಕು ಬರೆದರೆ ಅದು ದಾಟಿಹೋಗುತ್ತದೆ, ತಿದ್ದಬೇಕೆಂದರೆ ಮತ್ತೆ ಏಳು ಸಹಿ. ಅದಕ್ಕೆ ಸೂಪರಿಂಟೆಂಡೆಂಟರು ಒಂದು ಉಪಾಯ ಮಾಡಿದ್ದರು. ತಾರೀಕೇ ಬರೆಯುತ್ತಿರಲಿಲ್ಲ. 'ಬರುವ ಶುಕ್ರವಾರ' ಎಂದು ಬರೆಯುತ್ತಿದ್ದರು. ಹಾಳೆ ಎಷ್ಟು ತಡವಾದರೂ ಮುಂದೆ ಒಂದು ಶುಕ್ರವಾರ ಇದ್ದೇ ಇರುತ್ತದಲ್ಲ!

ಕಾರ್ಯಕ್ರಮ ಮಾತ್ರ ಹಿಂದಿನ ಶುಕ್ರವಾರವೇ ಮುಗಿದಿರುತ್ತಿತ್ತು.

ಒಮ್ಮೆ 'ಸಮಯಪಾಲನೆ: ಅಧ್ಯಾಪಕರಿಗೆ ಒಂದು ಕಾರ್ಯಾಗಾರ' ಎಂದು ಬಂತು. ಆ ಕಾರ್ಯಾಗಾರಕ್ಕೆ ಉಪ್ಪಿಟ್ಟು ಮಾಡಿ, ಬಡಿಸಿ, ಪಾತ್ರೆ ತೊಳೆದಿಟ್ಟು ನನಗೆ ನಾಲ್ಕು ದಿನವಾಗಿತ್ತು. ಆದರೂ ಸಂಸ್ಕೃತದ ಮೇಷ್ಟ್ರೊಬ್ಬರು 'ಬರುವ ಶುಕ್ರವಾರ' ಸರಿಯಾಗಿ ಹತ್ತು ಗಂಟೆಗೆ ನೋಟ್‌ಬುಕ್ ಹಿಡಿದು ಸಭಾಂಗಣಕ್ಕೆ ಹೋದರು. ಹನ್ನೊಂದೂವರೆಗೆ ಕ್ಯಾಂಟೀನಿಗೆ ಬಂದರು.

"ಯಾರಾದ್ರೂ ಇದ್ರಾ ಸಾರ್?" ಎಂದು ಅಳುಕುತ್ತಲೇ ಕೇಳಿದೆ.

"ಯಾರೂ ಇರಲಿಲ್ಲಮ್ಮ. ಫ್ಯಾನ್ ಇತ್ತು. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೇ ಕಾರ್ಯಾಗಾರ ನಾನು ನೋಡಿಲ್ಲ" ಎಂದು ಬಾಯಿ ಒರೆಸಿಕೊಂಡು ಹೋದರು.

ಅವತ್ತು ಸಂಜೆಯೇ ನಾನೊಂದು ಕರಿಹಲಗೆ ತಂದು ಕೌಂಟರಿನ ಪಕ್ಕ ನೇತುಹಾಕಿದೆ. ಮೇಲೆ 'ಇವತ್ತಿನ ತಿಂಡಿ', ಕೆಳಗೆ 'ಇವತ್ತಿನ ಕಾರ್ಯಕ್ರಮ'. ನನಗೆ ಸುದ್ದಿ ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ಈ ಕ್ಯಾಂಪಸ್ಸಿನಲ್ಲಿ ಸಹಿ ಇಲ್ಲದೆ ಸಭೆ ನಡೆದದ್ದುಂಟು, ಅಧ್ಯಕ್ಷರಿಲ್ಲದೆ ನಡೆದದ್ದೂ ಉಂಟು. ಟೀ ಹೇಳದೆ ನಡೆದದ್ದಿಲ್ಲ.

ಕೇಸರಿಬಾತಿನ ವರದಿ

ನೌಕರರಿಗೆ ರಕ್ತ ಪರೀಕ್ಷೆಯ ಶಿಬಿರ ಎಂದು ಗೊತ್ತಾಯಿತು. ಬರಿಹೊಟ್ಟೆಯಲ್ಲಿ ಬರಬೇಕು, ಬೆಳಿಗ್ಗೆ ಏಳೂವರೆಗೆ. ನನಗೆ ಬಂದ ಪತ್ರದಲ್ಲಿ ಎಂಟೂವರೆಗೆ ಉಪಾಹಾರ ಎಂದಿತ್ತು. ರಕ್ತ ಕೊಟ್ಟ ಮೇಲೆ ತಿನ್ನಲಿ ಎಂದು.

ಶಿವಮೊಗ್ಗದಿಂದ ಬರಬೇಕಾದ ಪರೀಕ್ಷೆಯ ವ್ಯಾನು ಬರಲಿಲ್ಲ. ಎಂಟಾಯಿತು, ಎಂಟೂಕಾಲಾಯಿತು. ಇತ್ತ ಕೇಸರಿಬಾತಿನ ತುಪ್ಪದ ವಾಸನೆ ಸಾಲಿನಲ್ಲಿ ನಿಂತವರ ಮೂಗಿಗೆ ಹೋಗುತ್ತಿತ್ತು. ನನ್ನ ಜೊತೆ ವಡೆ ಮಾಡುವ ಅಕ್ಕ ಒಬ್ಬಳಿದ್ದಾಳೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವಳು, "ಅಯ್ಯಯ್ಯೋ, ಪಾವಂ, ಪಾಪ, ಎಲ್ಲರ ಮುಖ ನೋಡಕ್ಕಾ! ಮುಚ್ಚಿಡೋಣವಾ?" ಎಂದಳು.

ಅಷ್ಟರಲ್ಲಿ ಸೂಪರಿಂಟೆಂಡೆಂಟರು ಗಡಿಯಾರ ನೋಡಿಕೊಂಡು ಬಂದರು. "ಎಂಟೂವರೆ ಆಯ್ತು. ಬಡಿಸಮ್ಮ."

"ಸಾರ್, ಇನ್ನೂ ರಕ್ತ ತಗೊಂಡಿಲ್ಲ."

"ಕಡತದಲ್ಲಿ ಎಂಟೂವರೆಗೆ ಉಪಾಹಾರ ಅಂತ ಅನುಮೋದನೆ ಆಗಿದೆ. ರಕ್ತ ತಗೊಳ್ಳೋಕೆ ಯಾವ ಟೈಮೂ ಬರೆದಿಲ್ಲ."

ಬಡಿಸಿದೆ. ಕೆಲವರು ಎರಡು ಸಲ ಹಾಕಿಸಿಕೊಂಡರು. ವ್ಯಾನು ಒಂಬತ್ತೂಕಾಲಿಗೆ ಬಂತು. ಎಲ್ಲರೂ ಬಾಯಿ ತೊಳೆದುಕೊಂಡು, ಬರಿಹೊಟ್ಟೆಯವರ ಮುಖ ಮಾಡಿಕೊಂಡು ಸಾಲಾಗಿ ಕೂತರು.

ಮುಂದಿನ ವಾರ್ತೆಯಲ್ಲಿ ಸುದ್ದಿ ಬಂತು, 'ನೌಕರರಲ್ಲಿ ಸಕ್ಕರೆ ಅಂಶ ಕಳವಳಕಾರಿ'. ಅರ್ಥಶಾಸ್ತ್ರ ವಿಭಾಗ ಪೂರ್ತಿ ಬೆಳಿಗ್ಗೆ ವಾಕಿಂಗ್ ಶುರುಮಾಡಿತು. ಎರಡು ವಾರ ನನ್ನ ಸಕ್ಕರೆ ಡಬ್ಬದ ಮುಚ್ಚಳ ತೆಗೆಯಬೇಕಾಗಲಿಲ್ಲ. ಆ ವರದಿ ನನ್ನ ಕೇಸರಿಬಾತಿನದು ಎಂದು ಹೊಳೆದದ್ದು ನನಗೊಬ್ಬಳಿಗೇ. ಬಾಯಿ ಬಿಡಲಿಲ್ಲ. ಇಷ್ಟು ದೊಡ್ಡ ಪರೀಕ್ಷೆಯಲ್ಲಿ ನನ್ನ ಅಡುಗೆ ಪಾಸಾದದ್ದು ಅದೇ ಮೊದಲು.

ಐದೂ ಹತ್ತರ ಬಸ್ಸು

ನಮ್ಮಲ್ಲಿ ಸಂಜೆ ಐದೂ ಹತ್ತಕ್ಕೆ ನೌಕರರ ಬಸ್ಸು ಎರಡು. ಒಂದು ಭದ್ರಾವತಿಗೆ, ಒಂದು ಶಿವಮೊಗ್ಗಕ್ಕೆ. ಡ್ರೈವರು ಹಾರ್ನ್ ಹೊಡೆದನೆಂದರೆ ವೇದಿಕೆಯ ಮೇಲೆ ಯಾರೇ ಇರಲಿ, ಸಭೆ ಎದ್ದುಬಿಡುತ್ತದೆ. ಮೊದಲ ಹಾರ್ನಿಗೆ ಹಿಂದಿನ ಸಾಲು, ಎರಡನೆಯದಕ್ಕೆ ನಡುವಿನ ಸಾಲು, ಮೂರನೆಯದಕ್ಕೆ ಅಧ್ಯಕ್ಷರು.

ಬೆಂಗಳೂರಿನಿಂದ ಭಾಷಣಕ್ಕೆ ಬಂದ ಒಬ್ಬ ಹಿರಿಯರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಟೀ ಲೋಟ ಎತ್ತಿಕೊಳ್ಳಲು ನಾನು ಬಾಗಿಲಲ್ಲಿ ನಿಂತಿದ್ದೆ. ಅವರು, "ಈಗ ಮುಖ್ಯ ವಿಷಯಕ್ಕೆ ಬರೋಣ" ಎಂದರು. ಹಾರ್ನ್ ಆಯಿತು. ಮೂರು ನಿಮಿಷದಲ್ಲಿ ಸಭಾಂಗಣದಲ್ಲಿ ಉಳಿದವರು ಅವರು, ನಾನು, ಮತ್ತೆ ವಂದನಾರ್ಪಣೆಯ ಚೀಟಿ ಹಿಡಿದ ಮೇಡಮ್ಮು.

"ಏನಾಯ್ತು? ಬೆಂಕಿ ಬಿತ್ತಾ?" ಎಂದರು ಹಿರಿಯರು.

"ಬಸ್ಸು ಬಂತು ಸಾರ್" ಎಂದೆ.

"ಎಲ್ಲಿಗೆ?"

"ಶಿವಮೊಗ್ಗಕ್ಕೆ."

"ಅಯ್ಯೋ, ನನ್ನ ರೈಲೂ ಅಲ್ಲಿಂದಲೇ ಅಲ್ವಾ!" ಎಂದು ಅವರೂ ಕಾಗದ ಬಾಚಿಕೊಂಡು ಓಡಿದರು, ಹಿಂದೆ ಮೇಡಮ್ಮು. ಆ ಬಸ್ಸಿನಲ್ಲಿದ್ದವರು ಮರುದಿನ ಹೇಳಿದರು, ಹಿರಿಯರು ಕಂಬಿ ಹಿಡಿದು ನಿಂತುಕೊಂಡೇ ಮುಖ್ಯ ವಿಷಯಕ್ಕೆ ಬಂದರಂತೆ. ಎದ್ದುಹೋಗಲು ಯಾರಿಗೂ ಜಾಗವಿರಲಿಲ್ಲ. ವಿದ್ಯಾನಗರ ಬರುವಷ್ಟರಲ್ಲಿ ಭಾಷಣ ಮುಗಿಯಿತು. ಮೇಡಮ್ಮು ಚೀಟಿ ತೆಗೆದು ಕಣ್ಣಿಗೆ ಹಿಡಿಯುವಷ್ಟರಲ್ಲಿ ಡ್ರೈವರೇ ವಂದನಾರ್ಪಣೆ ಮಾಡಿಬಿಟ್ಟನಂತೆ, "ಮುಗೀತಾ ಸಾರ್? ಹಾಗಾದ್ರೆ ಇಳಿಯೋರು ಇಳೀರಿ."

ಅನಧಿಕೃತ

ನನ್ನ ಹಲಗೆ ನೋಡಿಕೊಂಡೇ ಜನ ಸಭೆಗೆ ಹೋಗತೊಡಗಿದರು. ವಾರ್ತೆಯ ಮೇಲೆ ಬಿಸಿ ಬೋಂಡ ಇಟ್ಟು ತಿನ್ನತೊಡಗಿದರು. ಒಂದು ಮಧ್ಯಾಹ್ನ ಸೂಪರಿಂಟೆಂಡೆಂಟರು ಅದನ್ನು ಕಣ್ಣಾರೆ ನೋಡಿ, ನೇರ ಕೌಂಟರಿಗೆ ಬಂದರು.

"ಏನಮ್ಮ ಇದು?"

"ಹಲಗೆ ಸಾರ್."

"ಹಲಗೆ ಅಂತ ನಂಗೂ ಕಾಣುತ್ತೆ. ವಿಶ್ವವಿದ್ಯಾಲಯದ ಕಾರ್ಯಕ್ರಮ ಪ್ರಕಟಿಸೋಕೆ ನಿಂಗೆ ಅನುಮತಿ ಕೊಟ್ಟೋರು ಯಾರು?"

"ಯಾರೂ ಇಲ್ಲ ಸಾರ್. ಅದಕ್ಕೇ ಬೇಗ ಆಗುತ್ತೆ."

ಅವರ ಮುಖ ಕೆಂಪಾಯಿತು. "ಇದು ಅನಧಿಕೃತ. ಹಾಗಂತ ಎಲ್ಲರಿಗೂ ಗೊತ್ತಾಗಬೇಕು" ಎಂದರು. ಆಗಲಿ ಎಂದು ಹಲಗೆಯ ನೆತ್ತಿಗೇ ದಪ್ಪ ಅಕ್ಷರದಲ್ಲಿ 'ಇದು ಅನಧಿಕೃತ' ಎಂದು ಬರೆದೆ. ಬರೆಯಲು ಕಷ್ಟದ ಪದ, ಎರಡು ಸಲ ಒರೆಸಿ ಬರೆದೆ.

ಮರುದಿನ ಇತಿಹಾಸದ ಪ್ರೊಫೆಸರು ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗಿ ನೆತ್ತಿ ಮುಟ್ಟಿದರು. ಪಕ್ಕದವರಿಗೆ, "ಅನಧಿಕೃತ ಅಂತ ಬರೆದಿದೆ ಮಾರಾಯ. ಹಾಗಾದ್ರೆ ನಿಜವೇ ಇರಬೇಕು, ನಡಿ" ಎಂದರು.

ಎರಡು ಬೀಳ್ಕೊಡುಗೆ

ಈ ವರ್ಷ ಸೂಪರಿಂಟೆಂಡೆಂಟರ ನಿವೃತ್ತಿ. ತಿಂಗಳ ಕೊನೆಯ ಶುಕ್ರವಾರವೇ ಅವರ ಕೊನೆಯ ದಿನ. ನನ್ನ ಗುತ್ತಿಗೆಯ ಕಡತವೂ ಅದೇ ವಾರ ಅವರ ಮೇಜಿನ ಮೇಲಿತ್ತು. ಅವರು ಸಹಿ ಹಾಕದೆ ಹೋದರೆ ಹೊಸಬರು ಹೊಸದಾಗಿ ಟೆಂಡರ್ ಕರೆಯುತ್ತಾರೆ. ಶಿವಮೊಗ್ಗದ ಕೇಟರಿಂಗಿನವನೊಬ್ಬ ಆಗಲೇ ಬಂದು ನನ್ನ ಅಡುಗೆಮನೆಯ ಉದ್ದಗಲ ಅಳೆದುಕೊಂಡು ಹೋಗಿದ್ದ, ನಾನು ಒಳಗೆ ಇರುವಾಗಲೇ.

ಸೋಮವಾರ ಸಹಿಗೆ ಹೋದೆ.

"ಹಲಗೆ ಒರೆಸು, ಸಹಿ ಹಾಕ್ತೀನಿ" ಎಂದರು.

"ಹನ್ನೆರಡು ವರ್ಷದಲ್ಲಿ ನನ್ನ ಟೀ ಕೆಟ್ಟಿದೆಯಾ ಸಾರ್?"

"ಟೀ ಬಗ್ಗೆ ನಾನು ಮಾತಾಡ್ತಿಲ್ಲ. ಒರೆಸು."

ಒರೆಸಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ವಡೆ ಅಕ್ಕ ಅಂಗಲಾಚಿದಳು, "ಒರೆಸಿಬಿಡಕ್ಕಾ, ನಿಂಗೆ ಹಠ, ನಂಗೆ ಮನೇಲಿ ಮೂರು ಹೊಟ್ಟೆ. ಚಾಕ್‌ಪೀಸಿಗೋಸ್ಕರ ಒಲೆ ಆರಿಸ್ತಾರಾ ಯಾರಾದ್ರೂ?" ಅವಳ ಮಾತು ನಿಜವೇ. ಆದರೆ ನಾನು ಕಲಿತ ಅಕ್ಷರವನ್ನು ನಾನೇ ಒರೆಸಬೇಕೆಂದಾಗ ಕೈ ಏಳಲಿಲ್ಲ.

ಗುರುವಾರ ಸಂಜೆ ಸೂಪರಿಂಟೆಂಡೆಂಟರು ಒಬ್ಬರೇ ಕ್ಯಾಂಟೀನಿಗೆ ಬಂದರು. ಹಲಗೆಯ ಕಡೆ ನೋಡಲಿಲ್ಲ. "ನಾಳೆ ಮೂರೂವರೆಗೆ ಸಭಾಂಗಣಕ್ಕೆ ಹತ್ತು ಟೀ ಕಳಿಸಮ್ಮ" ಎಂದರು.

"ನಾಳೆ ನಿಮ್ಮ ಬೀಳ್ಕೊಡುಗೆ ಅಲ್ವಾ ಸಾರ್? ಮೂವತ್ತೈದು ವರ್ಷದ ಸರ್ವಿಸಿಗೆ ಹತ್ತು ಟೀನಾ?"

ಟಿಫಿನ್ ಕ್ಯಾರಿಯರನ್ನು ಕೌಂಟರಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ವಾರ್ತೆ ಬಂದಿಲ್ಲ. ನನ್ನದೇ ಕಾರ್ಯಕ್ರಮ ಆದ್ದರಿಂದ ನನ್ನ ಸಹಿ ನಡೆಯಲ್ಲ ಅಂದ್ರು, ಆ ಜಾಗಕ್ಕೆ ಇನ್ನೊಬ್ಬರ ಸಹಿ ಬೇಕಂತೆ. ಅವರು ರಜೆ. ಯಾರಿಗೂ ಗೊತ್ತಿಲ್ಲ" ಎಂದರು.

"ಬಾಯಲ್ಲೇ ಹೇಳಬಹುದಿತ್ತಲ್ಲ ಸಾರ್."

"ಬನ್ನಿ ಬನ್ನಿ ಅಂತ ಕರೆಯೋಕೆ ಅದೇನು ನಮ್ಮನೆ ನಾಮಕರಣವಾ?" ಎಂದು ಬಸ್ಸಿಗೆ ಹೊರಟರು. ಆ ಕೈಯಲ್ಲಿ ಅಷ್ಟು ವರ್ಷ ಹಿಡಿದಿದ್ದ ಟಿಫಿನ್ ಕ್ಯಾರಿಯರು ಅವತ್ತು ಯಾಕೋ ಭಾರವಾದಂತೆ ಕಂಡಿತು.

ಅವರು ಹೋದ ಮೇಲೆ ಒದ್ದೆಬಟ್ಟೆ ತೆಗೆದುಕೊಂಡು ಹಲಗೆಯನ್ನು ಪೂರ್ತಿ ಒರೆಸಿದೆ. 'ಅನಧಿಕೃತ'ವನ್ನೂ ಬಿಡಲಿಲ್ಲ. ವಡೆ ಅಕ್ಕ ದೇವರಿಗೆ ಕೈಮುಗಿದಳು. ಅವಳು ಮುಗಿದ ಕೈ ಬಿಡಿಸುವ ಮುಂಚೆ ನಾನು ಚಾಕ್‌ಪೀಸ್ ಎತ್ತಿಕೊಂಡಿದ್ದೆ. ಇಡೀ ಹಲಗೆಗೆ ಒಂದೇ ಕಾರ್ಯಕ್ರಮ ಬರೆದೆ: 'ನಮ್ಮ ಸೂಪರಿಂಟೆಂಡೆಂಟರ ಬೀಳ್ಕೊಡುಗೆ. ಶುಕ್ರವಾರ ಮೂರೂವರೆ. ಬರುವ ಶುಕ್ರವಾರ ಅಲ್ಲ, ಈ ಶುಕ್ರವಾರವೇ. ಟೀ, ಕೇಸರಿಬಾತು, ವಡೆ.' ಜನ ಕೆಳಗಿನಿಂದ ಓದುತ್ತಾರೆಂದು ವಡೆಯನ್ನು ಕೊನೆಗೇ ಇಟ್ಟಿದ್ದೆ.

ಶುಕ್ರವಾರ ಸಭಾಂಗಣ ತುಂಬಿ ಬಾಗಿಲಲ್ಲೂ ಜನ. ಹತ್ತು ಟೀ ಹೇಳಿದವರು ಬಾಗಿಲ ಹತ್ತಿರ ಬಂದು, ಬೇರೆ ಯಾರದೋ ಸಭೆ ಎಂದುಕೊಂಡು ವಾಪಸು ಹೊರಟಿದ್ದರು. ಇತಿಹಾಸದ ಪ್ರೊಫೆಸರು ಕೈ ಹಿಡಿದು ಎಳೆದು ತಂದರು. ಐದೂ ಹತ್ತಕ್ಕೆ ಹಾರ್ನ್ ಆಯಿತು. ಒಬ್ಬರೂ ಏಳಲಿಲ್ಲ. ಮೂರನೇ ಹಾರ್ನಿಗೂ ಏಳದಿದ್ದಾಗ ಡ್ರೈವರೇ ಗಾಬರಿಯಾಗಿ ಒಳಗೆ ಬಂದ. ವಡೆ ನೋಡಿ ಅವನೂ ಕೂತ.

ಸೂಪರಿಂಟೆಂಡೆಂಟರು ಮೈಕಿನ ಮುಂದೆ ನಿಂತರು. "ಈ ಸಭೆ ಅನಧಿಕೃತ ಮಾಹಿತಿಯ ಆಧಾರದ ಮೇಲೆ ಸೇರಿದೆ ಎಂದು ತಿಳಿದುಬಂದಿದೆ" ಎಂದರು. ಕರವಸ್ತ್ರ ತೆಗೆದರು. ಆಮೇಲೆ ಗುಮಾಸ್ತರನ್ನು ಕರೆದು, "ಕ್ಯಾಂಟೀನ್ ಕಡತ ತನ್ನಿ. ಕಚೇರಿಗೆ ಇನ್ನೂ ಬೀಗ ಹಾಕಿಲ್ಲ" ಎಂದರು.

ಅಲ್ಲೇ ಮೈಕಿನ ಮುಂದೆ ಸಹಿ ಬಿತ್ತು. ಸಹಿಯ ಮೇಲೆ ಎರಡು ಸಾಲು ಬರೆದಿದ್ದರು, ನಾನೇ ಓದಿಕೊಂಡೆ: 'ಹಲಗೆ ಒರೆಸಿರುವುದನ್ನು ಖಚಿತಪಡಿಸಿಕೊಳ್ಳಲಾಗಿದೆ. ಒರೆಸಿದ ನಂತರ ಬರೆದಿರುವುದು ಈ ಕಡತದ ವ್ಯಾಪ್ತಿಗೆ ಬರುವುದಿಲ್ಲ.'

ಇಲ್ಲಿಗೆ ಮುಗಿಯಿತು ಎಂದುಕೊಂಡಿರಿ ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಮಂಗಳವಾರ ವಾರ್ತೆ ಹೊರಬಂತು. 'ಮುಂಬರುವ ಕಾರ್ಯಕ್ರಮಗಳು: ಬರುವ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಸೂಪರಿಂಟೆಂಡೆಂಟರ ಬೀಳ್ಕೊಡುಗೆ.'

ನಾವೆಲ್ಲ ನಕ್ಕು ಸುಮ್ಮನಾದೆವು. ಶುಕ್ರವಾರ ಮೂರು ಗಂಟೆಗೆ ಭದ್ರಾವತಿ ಕಡೆಯ ಬಸ್ಸಿನಿಂದ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಒಬ್ಬರು ಇಳಿದರು. ನೋಡಿದರೆ ಅವರೇ!

"ಸಾರ್, ಹೋದ ವಾರವೇ ಆಯ್ತಲ್ಲ!"

"ಅದು ಅನಧಿಕೃತ ಅಮ್ಮ. ಅಧಿಕೃತವಾದದ್ದು ಇವತ್ತು. ಪ್ರಕಟ ಆದಮೇಲೆ ಬರಲೇಬೇಕಲ್ಲ, ಬರೆದವನು ನಾನೇ."

ಸಭಾಂಗಣದಲ್ಲಿ ಆಗಲೇ ಒಬ್ಬರು ಕೂತಿದ್ದರು. ಅದೇ ಸಂಸ್ಕೃತದ ಮೇಷ್ಟ್ರು, ಕೈಯಲ್ಲಿ ಶಾಲು. ವಾರ್ತೆ ಬಿಟ್ಟರೆ ಅವರು ಬೇರೇನೂ ಓದುವವರಲ್ಲ. ವಡೆ ಅಕ್ಕ ಟೀ ತಂದಳು. "ಕೂತ್ಕೊಳ್ಳಮ್ಮ, ಸಭಿಕರು ಬೇಕು" ಎಂದು ಸೂಪರಿಂಟೆಂಡೆಂಟರು ನನಗೆ ಕುರ್ಚಿ ತೋರಿಸಿದರು. ಹನ್ನೆರಡು ವರ್ಷ ಆ ಬಾಗಿಲಲ್ಲಿ ನಿಂತವಳು ಅವತ್ತು ಮೊದಲ ಸಲ ಒಳಗೆ ಕೂತೆ.

ಮೇಷ್ಟ್ರು ಶಾಲು ಹೊದಿಸಿದರು. ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿ, "ನಿನ್ನದೊಂದು ಬಾಕಿ ಇತ್ತು. ಮೂರು ತಿಂಗಳು ನಡೆಸಿದ್ರೆ ಹೆಸರು ಬದಲಾಯಿಸ್ತೀನಿ ಅಂದಿದ್ದೆ. ಬದಲಾಯಿಸಿದೀನಿ, ನೋಡು" ಎಂದು ಜೇಬಿನಿಂದ ಹೊಸದಾಗಿ ಅಚ್ಚು ಹಾಕಿಸಿದ ಕಾರ್ಡ್ ಕೊಟ್ಟರು. ಅವರ ಹೆಸರಿನ ಮುಂದೆ ಒಂದೇ ಒಂದು ಪದ ಸೇರಿತ್ತು: 'ನಿವೃತ್ತ'.

"ಇದಕ್ಕೆ ಎಷ್ಟು ಸಹಿ ಬೇಕಾಯ್ತು ಸಾರ್?" ಎಂದೆ.

"ಒಂದೂ ಇಲ್ಲ. ಅದಕ್ಕೇ ಬೇಗ ಆಯ್ತು" ಎಂದರು.

ಈಗ ನನ್ನದು ಎನ್ನಲು ಗೋಪಾಳದಲ್ಲಿ ಎರಡು ಕೋಣೆಯ ಮನೆ ಇದೆ, ಒಂದು ದೊಡ್ಡ ರುಬ್ಬುವ ಯಂತ್ರ, ನಾಲ್ಕು ಒಲೆ, ಒಂದು ಕರಿಹಲಗೆ, ಹೆಬ್ಬೆಟ್ಟಿನ ಜಾಗದಲ್ಲಿ ಒಂದು ಸಹಿ. ಅದಕ್ಕೆ ಕೊಟ್ಟದ್ದು ಎಡಗೈ ಮೇಲೆ ಮೊಣಕೈವರೆಗೆ ಎಣ್ಣೆ ಸುಟ್ಟ ಕಲೆ, ಎರಡು ಮಂಡಿ, ಮಗಳ ಶಾಲೆಯ ಹತ್ತು ವಾರ್ಷಿಕೋತ್ಸವ. ಹತ್ತರಲ್ಲಿ ಒಂದಕ್ಕೂ ಹೋಗಲಾಗಲಿಲ್ಲ. ಆ ದಿನಗಳಲ್ಲೆಲ್ಲ ಇಲ್ಲಿ ಯಾರದೋ ಕಾರ್ಯಕ್ರಮಕ್ಕೆ ಟೀ ಹೇಳಿದ್ದರು.